ಬೇಟೆಹಕ್ಕಿಗಳು: ಊಟವೇ ಗುರುತು, ಊಟವೇ ಆಪತ್ತು

ಬೇಟೆಹಕ್ಕಿಗಳು ಕಡಿಮೆಯಾಗುತ್ತಿವೆ ಎಂಬ ಮಾತನ್ನು ಸ್ವಲ್ಪ ಬಿಡಿಸಿ ನೋಡಬೇಕು. ಬೆಂಗಳೂರಿನ ಮಾಂಸದಂಗಡಿಗಳ ಮೇಲೆ ಸುತ್ತುವ ಕರಿಹದ್ದುಗಳಿಗೆ ಕೊರತೆಯಿಲ್ಲ. ಮಲೆನಾಡಿನ ಕಾಡಿನ ಮೇಲೆ ಬಿಸಿಲೇರುವ ಹೊತ್ತಿಗೆ ಹಾವುಗಿಡುಗದ ಕೂಗು ಈಗಲೂ ಕೇಳುತ್ತದೆ. ಕರಗುತ್ತಿರುವವು ಬಯಲಿನ ಹಕ್ಕಿಗಳು: ರಣಹದ್ದು, ಟಾನಿ ಈಗಲ್, ಲಗ್ಗರ್ ಫಾಲ್ಕನ್, ಚಳಿಗಾಲದಲ್ಲಿ ಮಧ್ಯ ಏಷ್ಯಾದಿಂದ ಬರುವ ಹ್ಯಾರಿಯರ್‌ಗಳು. ದೇಶದ ಹಕ್ಕಿಗಳ ಸ್ಥಿತಿಗತಿ ಕುರಿತು 2023ರಲ್ಲಿ ಬಂದ ವರದಿ 942 ಪ್ರಭೇದಗಳನ್ನು ಪರಿಶೀಲಿಸಿತು. 30,000ಕ್ಕೂ ಹೆಚ್ಚು ಹಕ್ಕಿ ವೀಕ್ಷಕರು ಇ-ಬರ್ಡ್ ಜಾಲತಾಣಕ್ಕೆ ಸೇರಿಸಿದ ಸುಮಾರು ಮೂರು ಕೋಟಿ ದಾಖಲೆಗಳು ಅದರ ಆಧಾರ. ದೀರ್ಘಾವಧಿಯ ಏರಿಳಿತ ಹೇಳಲು ಸಾಧ್ಯವಾದ 338 ಪ್ರಭೇದಗಳಲ್ಲಿ ಶೇ 60ರಷ್ಟು ಇಳಿಮುಖವಾಗಿದ್ದವು. ಆಹಾರದ ಲೆಕ್ಕದಲ್ಲಿ ವಿಂಗಡಿಸಿದಾಗ ಹೆಚ್ಚು ಪೆಟ್ಟು ತಿಂದದ್ದು ಮಾಂಸ ಮತ್ತು ಸತ್ತ ಪ್ರಾಣಿ ತಿನ್ನುವ ಹಕ್ಕಿಗಳು. ನೆಲೆಯ ಲೆಕ್ಕದಲ್ಲಿ ಬಯಲನ್ನು ನಂಬಿದವು.

ಈ ಎರಡು ಸಂಗತಿಗಳನ್ನು ಜೋಡಿಸಿದರೆ ಇಡೀ ಸಮಸ್ಯೆ ಬಿಚ್ಚಿಕೊಳ್ಳುತ್ತದೆ. ಬೇಟೆಹಕ್ಕಿಯೊಂದು ಏನು ತಿನ್ನುತ್ತದೆ, ಅದನ್ನು ಎಲ್ಲಿ ಹುಡುಕುತ್ತದೆ ಎಂದು ಗೊತ್ತಾದರೆ ಅದರ ಮೈಕಟ್ಟು ಏಕೆ ಹಾಗಿದೆ ಎಂದೂ ತಿಳಿಯುತ್ತದೆ, ಅದನ್ನು ಏನು ಕೊಲ್ಲುತ್ತಿದೆ ಎಂದೂ ತಿಳಿಯುತ್ತದೆ. ಹಾಗಾಗಿ ಇವುಗಳನ್ನು ಗುರುತಿಸಲು ಕಲಿಯುವುದು ಬರೀ ಹವ್ಯಾಸವಲ್ಲ. ಆಕಾಶದಲ್ಲಿರುವ ಎಲ್ಲವೂ ‘ಹದ್ದು’ ಆಗಿರುವವರೆಗೆ ಯಾವುದು ಕಾಣೆಯಾಯಿತು ಎಂದು ಊರಿಗೆ ಗೊತ್ತೇ ಆಗುವುದಿಲ್ಲ.

ಬಣ್ಣವನ್ನು ಕೊನೆಗೆ ನೋಡಿ

ಹೊಸದಾಗಿ ಕಲಿಯುವವರು ಎಡವುವುದು ಬಣ್ಣದಲ್ಲಿ. ದೊಡ್ಡ ಗಿಡುಗಗಳಿಗೆ ಬೆಳೆದ ಹಕ್ಕಿಯ ಪುಕ್ಕ ಬರಲು ನಾಲ್ಕೈದು ವರ್ಷ ಬೇಕು. ಅಲ್ಲಿಯವರೆಗೆ ವರ್ಷಕ್ಕೊಂದು ವೇಷ. ಕಬಿನಿ ಹಿನ್ನೀರಿನ ಬಳಿ ಸಾಮಾನ್ಯವಾಗಿ ಕಾಣುವ ಜುಟ್ಟಿನ ಗಿಡುಗ, ಜೇನುಗೂಡು ಕೀಳುವ ಜೇನುಗಿಡುಗ ಇವೆರಡರಲ್ಲಿ ಒಂದೇ ವಯಸ್ಸಿನ ಹಕ್ಕಿಗಳಲ್ಲೂ ತಿಳಿ ಬಣ್ಣದವು, ಗಾಢ ಬಣ್ಣದವು ಎಂಬ ಭೇದವಿದೆ. ಗರುಡ ಎಂದರೆ ಬಿಳಿ ತಲೆ, ಕೆಂಗಂದು ಮೈ ಎಂದು ಮಕ್ಕಳಿಗೂ ಗೊತ್ತು. ಆದರೆ ಗರುಡನ ಮರಿ ಮೊದಲ ವರ್ಷ ಪೂರ್ತಿ ಕಂದು. ಕರಿಹದ್ದಿನ ಪಕ್ಕದಲ್ಲಿ ಹಾರಿದರೆ ಎರಡಕ್ಕೂ ವ್ಯತ್ಯಾಸವೇ ಕಾಣದು. ಆಗ ಬಾಲ ನೋಡಬೇಕು. ಕರಿಹದ್ದಿನ ಬಾಲದ ತುದಿ ನಡುವೆ ಕತ್ತರಿಸಿದಂತೆ ಒಳಕ್ಕೆ ಸರಿದಿರುತ್ತದೆ, ಗರುಡನದು ದುಂಡಗೆ.

ಆದ್ದರಿಂದ ಮೊದಲು ಹಾರಾಟದ ರೀತಿ, ನಂತರ ಬಾಲ, ಆಮೇಲೆ ರೆಕ್ಕೆಯ ಅಡಿಭಾಗ, ಎಲ್ಲಕ್ಕೂ ಕೊನೆಗೆ ಬಣ್ಣ. 8x42 ಅಳತೆಯ, ಅಂದರೆ ಎಂಟು ಪಟ್ಟು ಹಿಗ್ಗಿಸುವ ಬೈನಾಕ್ಯುಲರ್ ಸಾಕು. ಹತ್ತು ಪಟ್ಟು ಹಿಗ್ಗಿಸುವ ಯಂತ್ರ ಕೈ ನಡುಕವನ್ನೂ ಹಿಗ್ಗಿಸುತ್ತದೆ, ಹಾರುವ ಹಕ್ಕಿಯನ್ನು ಹಿಡಿದಿಡುವುದು ಕಷ್ಟ. ನೆಲ ಕಾದು ಬಿಸಿಗಾಳಿ ಮೇಲೇಳುವ ಬೆಳಗಿನ ಒಂಬತ್ತರಿಂದ ಹನ್ನೊಂದು ಒಳ್ಳೆಯ ಸಮಯ. ದೊಡ್ಡ ಹಕ್ಕಿಗಳು ಆ ಗಾಳಿಯಲ್ಲಿ ರೆಕ್ಕೆ ಬಡಿಯದೆ ಸುತ್ತುತ್ತಾ ಏರುವುದರಿಂದ ಅಡಿಭಾಗ ಪೂರ್ತಿ ಕಾಣುತ್ತದೆ. ಹಾವುಗಿಡುಗವಾದರೆ ರೆಕ್ಕೆಯ ಹಿಂಬದಿಯ ಅಂಚಿನುದ್ದಕ್ಕೂ ಅಗಲವಾದ ಬಿಳಿ ಪಟ್ಟಿ. ಕಡಲ ತೀರದಲ್ಲಿ ಬಿಳಿ ಹೊಟ್ಟೆಯ ಕಡಲಗಿಡುಗವಾದರೆ ಬೂದು–ಬಿಳಿ ಮೈ, ಬೆಣೆಯಂಥ ಗಿಡ್ಡ ಬಾಲ. ಚಳಿಗಾಲದ ಅತಿಥಿ ಬೂಟೆಡ್ ಈಗಲ್ ಎದುರಿನಿಂದ ಬಂದರೆ ರೆಕ್ಕೆ ಮೈಗೆ ಸೇರುವ ಕಡೆ ಎರಡು ಬಿಳಿ ಚುಕ್ಕಿ.

ಹಾರಾಟವನ್ನು ಮೊದಲಿಗೆ ಇಟ್ಟದ್ದಕ್ಕೆ ಕಾರಣವಿದೆ: ಹಾರಾಟ ಎಂದರೆ ಊಟ ಹುಡುಕುವ ವಿಧಾನ. ಹೊಲದ ಮೇಲೆ ಒಂದೇ ಕಡೆ ರೆಕ್ಕೆ ಬಡಿಯುತ್ತಾ ನಿಂತು, ಮೆಟ್ಟಿಲಿಳಿದಂತೆ ಹಂತ ಹಂತವಾಗಿ ಕೆಳಗೆ ಬಂದು, ರೆಕ್ಕೆ ಮೇಲೆತ್ತಿ ಧುಮುಕುವ ಕಾಗೆ ಗಾತ್ರದ ಬಿಳಿ–ಬೂದು ಹಕ್ಕಿ ಕಪ್ಪುರೆಕ್ಕೆಯ ಹದ್ದು. ಅದರ ಕಣ್ಣು ಇಲಿಯ ಮೇಲೆ. ಹುಲ್ಲಿನ ನೆತ್ತಿಗೆ ಹತ್ತಡಿ ಎತ್ತರದಲ್ಲಿ ರೆಕ್ಕೆಗಳನ್ನು ತುಸು ಮೇಲಕ್ಕೆತ್ತಿ ತೇಲಾಡುತ್ತಾ ಹೋಗುವುದು ಹ್ಯಾರಿಯರ್. ಮಿಡತೆ, ನೆಲಗುಬ್ಬಿ, ಸಣ್ಣ ಇಲಿ ಅದರ ಆಹಾರ. ಪಶ್ಚಿಮ ಘಟ್ಟದಲ್ಲಿ ಮರದ ನೆತ್ತಿಗೆ ತಾಗಿದಂತೆ ತೀರಾ ನಿಧಾನವಾಗಿ ಸಾಗುವ ಕಪ್ಪು ಗಿಡುಗ ಬೇರೆ ಹಕ್ಕಿಗಳ ಗೂಡು ಹುಡುಕುತ್ತಿರುತ್ತದೆ. ಮೊಟ್ಟೆ, ಮರಿಗಳಿರುವ ಗೂಡನ್ನೇ ಕಿತ್ತೊಯ್ಯಲು ಅನುಕೂಲವಾಗುವಂತೆ ಅದರ ಉಗುರುಗಳು ಬೇರೆ ಗಿಡುಗಗಳ ಉಗುರಿನಷ್ಟು ಬಾಗಿರುವುದಿಲ್ಲ.

ಕಾಲುಗಳಲ್ಲಂತೂ ಊಟದ ಪಟ್ಟಿಯೇ ಬರೆದಂತಿದೆ. ಹಾವು ಹಿಡಿಯುವ ಗಿಡುಗಗಳ ಕಾಲಿಗೆ ಗರಿಯಿಲ್ಲ, ದಪ್ಪ ಹುರುಪೆಯ ಹೊದಿಕೆ. ಕಡಿತ ಚರ್ಮಕ್ಕೆ ತಾಗದಿರಲಿ ಎಂದು. ಹಾವಿನ ವಿಷ ಅವಕ್ಕೆ ಏರುವುದೇ ಇಲ್ಲ ಎಂಬ ನಂಬಿಕೆಯನ್ನು ಬಿಡಬೇಕು. ಅವುಗಳನ್ನು ಉಳಿಸುವುದು ವೇಗ ಮತ್ತು ಈ ಹುರುಪೆ. ಮೀನುಗಿಡುಗದ ಪಾದದಡಿ ಮುಳ್ಳಿನಂಥ ಒರಟು, ಹೊರಗಿನ ಬೆರಳು ಹಿಂದಕ್ಕೂ ತಿರುಗುತ್ತದೆ, ಜಾರುವ ಮೀನನ್ನು ಎರಡೂ ಕಡೆಯಿಂದ ಅಮುಕಲು. ರಣಹದ್ದಿನ ಪಾದ ಚಪ್ಪಟೆ, ಹಿಡಿತ ದುರ್ಬಲ. ಸತ್ತದ್ದನ್ನು ತಿನ್ನುವ ಹಕ್ಕಿಗೆ ಹಿಡಿದು ಒಯ್ಯುವ ಕೆಲಸವೇ ಇಲ್ಲ. ಮಗುವನ್ನು ಹದ್ದು ಎತ್ತಿಕೊಂಡು ಹೋಯಿತು ಎಂಬ ವಿಡಿಯೊಗಳು ಆಗಾಗ ಹರಿದಾಡುತ್ತವೆ. ನಮ್ಮ ಕರಿಹದ್ದಿನ ತೂಕವೇ ಒಂದು ಕಿಲೋ ಮುಟ್ಟುವುದು ಅಪರೂಪ. ಹಾರುವ ಹಕ್ಕಿ ಸಾಮಾನ್ಯವಾಗಿ ತನ್ನ ತೂಕಕ್ಕಿಂತ ಹೆಚ್ಚನ್ನು ಹೊತ್ತು ಏರಲಾರದು.

ಚಾಣ ಮತ್ತು ಫಾಲ್ಕನ್‌ಗಳು ನೋಡಲು ಗಿಡುಗದಂತಿದ್ದರೂ ಬೇರೆಯೇ ವಂಶ. ವಂಶವಾಹಿ ಅಧ್ಯಯನದ ಪ್ರಕಾರ ಅವು ಗಿಳಿಗಳಿಗೆ ಹೆಚ್ಚು ಹತ್ತಿರ.

ಒಂದು ಇಂಜೆಕ್ಷನ್, ಸಾವಿರಾರು ಸಾವು

ಊಟದ ಮೂಲಕ ಬಂದ ಆಪತ್ತುಗಳಲ್ಲಿ ರಣಹದ್ದಿನದಷ್ಟು ದೊಡ್ಡದು ಇನ್ನೊಂದಿಲ್ಲ. ಬಿಳಿ ಬೆನ್ನಿನ ರಣಹದ್ದು 1992ರಿಂದ 2007ರೊಳಗೆ ಭಾರತದಲ್ಲಿ ಶೇ 99.9ರಷ್ಟು ಕುಸಿಯಿತು. ಉದ್ದ ಕೊಕ್ಕಿನ ರಣಹದ್ದಿನ ಕುಸಿತ ಶೇ 97ರ ಆಸುಪಾಸು. ಕಾರಣ ಗೊತ್ತಾದದ್ದು 2004ರಲ್ಲಿ, ಪಾಕಿಸ್ತಾನದಲ್ಲಿ ಸತ್ತ ಹಕ್ಕಿಗಳನ್ನು ಪರೀಕ್ಷಿಸಿದಾಗ: ದನಗಳ ನೋವು, ಜ್ವರ, ಕೆಚ್ಚಲುಬಾವಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ನೋವುನಿವಾರಕ.

ಇದು ಕೆಲಸ ಮಾಡುವ ಬಗೆ ಹೀಗೆ. ಇಂಜೆಕ್ಷನ್ ಪಡೆದ ಹಸು ಎರಡು ಮೂರು ದಿನದೊಳಗೆ ಸತ್ತರೆ ಔಷಧ ಅದರ ಪಿತ್ತಜನಕಾಂಗ, ಮೂತ್ರಪಿಂಡ, ಮಾಂಸದಲ್ಲಿ ಉಳಿದಿರುತ್ತದೆ. ತಿಂದ ರಣಹದ್ದಿನ ಮೂತ್ರಪಿಂಡ ನಿಲ್ಲುತ್ತದೆ. ಹಕ್ಕಿಗಳು ಸಾರಜನಕದ ಕಲ್ಮಶವನ್ನು ಯೂರಿಕ್ ಆಮ್ಲವಾಗಿ ಹೊರಹಾಕುತ್ತವೆ. ಆ ದಾರಿ ಮುಚ್ಚಿದಾಗ ಆಮ್ಲ ಹರಳುಗಟ್ಟಿ ಹೃದಯ, ಯಕೃತ್ತಿನ ಮೇಲೆ ಸುಣ್ಣ ಬಳಿದಂತೆ ಕೂರುತ್ತದೆ. ಕತ್ತು ಕೆಳಗೆ ಇಳಿಬಿಟ್ಟು ಮರದ ಮೇಲೆ ಕುಳಿತ ಹಕ್ಕಿ ಕೆಲವೇ ದಿನಗಳಲ್ಲಿ ಬೀಳುತ್ತದೆ. ಒಂದು ಹೆಣಕ್ಕೆ ಹತ್ತಾರು ಹಕ್ಕಿಗಳು ಒಟ್ಟಿಗೆ ಇಳಿಯುವುದೇ ಇವುಗಳ ಸ್ವಭಾವ. ಹೀಗಾಗಿ ಸಾಯುವ ದನಗಳಲ್ಲಿ ನೂರಕ್ಕೆ ಒಂದಕ್ಕಿಂತ ಕಡಿಮೆ ಹೆಣಗಳಲ್ಲಿ ಈ ಔಷಧವಿದ್ದರೂ ಇಡೀ ಸಂತತಿ ಕುಸಿಯುತ್ತದೆ ಎಂದು ಲೆಕ್ಕ ತೋರಿಸಿತು. ವರ್ಷಕ್ಕೆ ಒಂದೇ ಮೊಟ್ಟೆ, ಮೊದಲ ಮೊಟ್ಟೆಗೆ ಸುಮಾರು ಐದು ವರ್ಷದ ಕಾಯುವಿಕೆ. ಕಳೆದುಕೊಂಡದ್ದನ್ನು ತುಂಬಿಕೊಳ್ಳಲು ದಶಕಗಳು ಬೇಕು.

ದನಗಳಿಗೆ ಡೈಕ್ಲೋಫೆನಾಕ್ ಬಳಕೆಯನ್ನು ಭಾರತ 2006ರಲ್ಲಿ ನಿಲ್ಲಿಸಿತು. ಆದರೆ ಮನುಷ್ಯರಿಗೆಂದು ಬರುತ್ತಿದ್ದ 30 ಎಂಎಲ್ ಬಾಟಲಿಗಳು ಕೊಟ್ಟಿಗೆಗೆ ಹೋಗುತ್ತಿದ್ದವು. ಮನುಷ್ಯನಿಗೆ ಬೇಕಾದ್ದು 3 ಎಂಎಲ್; ಹತ್ತು ಪಟ್ಟು ದೊಡ್ಡ ಬಾಟಲಿಯ ಗಿರಾಕಿ ಯಾರು ಎಂದು ಊಹಿಸುವುದು ಕಷ್ಟವಿರಲಿಲ್ಲ. 2015ರಲ್ಲಿ 3 ಎಂಎಲ್ ಮಿತಿ ಬಂತು. ಅಷ್ಟರಲ್ಲಿ ಅಂಗಡಿಗೆ ಬದಲಿ ಔಷಧಗಳು ಬಂದಿದ್ದವು, ಅವೂ ಅಷ್ಟೇ ಅಪಾಯಕಾರಿ. ಅಸೆಕ್ಲೋಫೆನಾಕ್ ಹಸುವಿನ ಮೈಯೊಳಗೆ ಹೋದ ಮೇಲೆ ಡೈಕ್ಲೋಫೆನಾಕ್ ಆಗಿಯೇ ಬದಲಾಗುತ್ತದೆ. ಅದನ್ನೂ ಕೀಟೋಪ್ರೊಫೆನ್ ಅನ್ನೂ 2023ರ ಜುಲೈನಲ್ಲಿ, ನಿಮೆಸುಲೈಡ್ ಅನ್ನು 2024ರ ಡಿಸೆಂಬರ್ ಕೊನೆಯಲ್ಲಿ ಪ್ರಾಣಿಗಳಿಗೆ ನಿಷೇಧಿಸಲಾಯಿತು. ಹದಿನೆಂಟು ವರ್ಷದಲ್ಲಿ ನಾಲ್ಕು ಔಷಧ. ಹೊಸ ನೋವುನಿವಾರಕವನ್ನು ಮೊದಲು ರಣಹದ್ದಿಗೆ ಸುರಕ್ಷಿತವೇ ಎಂದು ಪರೀಕ್ಷಿಸಿ ನಂತರ ಪಶುಬಳಕೆಗೆ ಬಿಡುವ ನಿಯಮ ಇದ್ದಿದ್ದರೆ ಈ ಓಟವೇ ಬೇಕಿರಲಿಲ್ಲ. ಆ ನಿಯಮ ಇನ್ನಾದರೂ ಬರಬೇಕು.

ಸುರಕ್ಷಿತವೆಂದು ಪರೀಕ್ಷೆಯಲ್ಲಿ ಸಾಬೀತಾದ ಬದಲಿಗಳಿವೆ: ಮೆಲಾಕ್ಸಿಕಾಮ್ ಮತ್ತು ಟಾಲ್ಫೆನಾಮಿಕ್ ಆಮ್ಲ. ದನ ಸಾಕುವವರು ಮಾಡಬೇಕಾದ್ದು ಎರಡೇ ಕೆಲಸ. ಔಷಧದ ಚೀಟಿಯಲ್ಲಿ ಮೆಲಾಕ್ಸಿಕಾಮ್ ಬರೆಯಿರಿ ಎಂದು ಡಾಕ್ಟರನ್ನು ಕೇಳುವುದು. ಚಿಕಿತ್ಸೆ ಪಡೆದ ವಾರದೊಳಗೆ ಸತ್ತ ದನವನ್ನು ಬಯಲಿಗೆ ಎಸೆಯದೆ ಆರಡಿ ಆಳದಲ್ಲಿ ಹೂಳುವುದು. ನೋವಿನ ಔಷಧ ಕೊಡದೆಯೇ ಸತ್ತ ದನದ ಹೆಣ ರಣಹದ್ದಿಗೆ ಒಳ್ಳೆಯ ಊಟ; ಅದನ್ನು ಹೂಳುವುದರಿಂದ ನಷ್ಟವೇ.

ರಾಮನಗರದ ರಾಮದೇವರಬೆಟ್ಟದ ಬಂಡೆಗಳಲ್ಲಿ ಉದ್ದ ಕೊಕ್ಕಿನ ರಣಹದ್ದುಗಳು ಗೂಡು ಕಟ್ಟುತ್ತವೆ. 2012ರಲ್ಲಿ ಅದು ರಣಹದ್ದು ಧಾಮವಾಯಿತು, ವಿಸ್ತೀರ್ಣ 346 ಹೆಕ್ಟೇರ್. ಒಳ್ಳೆಯ ಕೆಲಸ, ಆದರೆ ಧಾಮ ಕಾಪಾಡುವುದು ಗೂಡನ್ನು ಮಾತ್ರ. ಊಟ ಹುಡುಕುತ್ತಾ ಈ ಹಕ್ಕಿಗಳು ದಿನಕ್ಕೆ ಹತ್ತಾರು ಕಿಲೋಮೀಟರ್ ಹೋಗುತ್ತವೆ. ಆ ಸುತ್ತಳತೆಯ ಪ್ರತಿ ತಾಲ್ಲೂಕಿನ ಔಷಧದಂಗಡಿ ರಾಮದೇವರಬೆಟ್ಟದ ಬೇಲಿಗಿಂತ ಮುಖ್ಯ. ಅಂಗಡಿಯ ಮೇಲೆ ಅರಣ್ಯ ಇಲಾಖೆಗೆ ಅಧಿಕಾರವಿಲ್ಲ. ಅದು ಔಷಧ ನಿಯಂತ್ರಣ ಇಲಾಖೆಗೆ ಸೇರಿದ್ದು. ಚೀಟಿ ಬರೆಯುವುದು ಪಶುಸಂಗೋಪನಾ ಇಲಾಖೆ. ಬೇಟೆಹಕ್ಕಿಗಳ ಸಂರಕ್ಷಣೆ ಸಿಕ್ಕಿಹಾಕಿಕೊಂಡಿರುವುದು ಇಲ್ಲಿಯೇ: ಹಕ್ಕಿ ಒಂದು ಇಲಾಖೆಗೆ, ಅದರ ಊಟ ಇನ್ನೊಂದಕ್ಕೆ.

ಅರ್ಥಶಾಸ್ತ್ರಜ್ಞರಾದ ಇಯಾಲ್ ಫ್ರಾಂಕ್ ಮತ್ತು ಅನಂತ್ ಸುದರ್ಶನ್ 2024ರಲ್ಲಿ ಪ್ರಕಟಿಸಿದ ಅಧ್ಯಯನದ ಅಂದಾಜಿನಂತೆ, ರಣಹದ್ದು ಇಲ್ಲವಾದ ಪ್ರದೇಶಗಳಲ್ಲಿ 2000ದಿಂದ 2005ರೊಳಗೆ ಸುಮಾರು ಐದು ಲಕ್ಷ ಜನ ಹೆಚ್ಚುವರಿಯಾಗಿ ಸತ್ತರು. ಕೊಳೆಯುವ ಹೆಣದಿಂದ ಕೆಟ್ಟ ನೀರು, ಹೆಚ್ಚಿದ ಬೀದಿನಾಯಿ, ರೇಬಿಸ್ ಕಾರಣ.

ಇಲಿ ತಿನ್ನುವವರಿಗೆ ಇಲಿಪಾಷಾಣ

ಕಪ್ಪುರೆಕ್ಕೆಯ ಹದ್ದು ಮತ್ತು ಕಣಜಗೂಬೆ ರೈತನ ಕೆಲಸವನ್ನು ಪುಕ್ಕಟೆ ಮಾಡುವ ಹಕ್ಕಿಗಳು. ಅವುಗಳ ಕಷ್ಟ ಬ್ರೊಮಾಡಿಯೋಲೋನ್ ಎಂಬ ಇಲಿಪಾಷಾಣದಿಂದ. ಶೇ 0.005ರ ಬಿಲ್ಲೆ, ಪೊಟ್ಟಣಗಳಾಗಿ ಅದು ಎಲ್ಲ ಗೊಬ್ಬರದಂಗಡಿಯಲ್ಲೂ ಸಿಗುತ್ತದೆ. ಅದು ದೇಹದಲ್ಲಿ ಕೆ ಜೀವಸತ್ವದ ಕೆಲಸ ತಡೆದು ರಕ್ತ ಹೆಪ್ಪುಗಟ್ಟದಂತೆ ಮಾಡುತ್ತದೆ. ತಿಂದ ಇಲಿ ಕೂಡಲೇ ಸಾಯುವುದಿಲ್ಲ. ನಾಲ್ಕೈದು ದಿನ, ಕೆಲವೊಮ್ಮೆ ಹೆಚ್ಚು ದಿನ ತೂಕಡಿಸುತ್ತಾ ಹಗಲಿನಲ್ಲೂ ಬಿಲದ ಹೊರಗೆ ಓಡಾಡುತ್ತದೆ, ಅಂದರೆ ಹದ್ದಿಗೆ ಸುಲಭದ ತುತ್ತು. ವಿಷ ಇಲಿಯ ಯಕೃತ್ತಿನಲ್ಲಿ ಉಳಿಯುತ್ತದೆ, ತಿಂದ ಹಕ್ಕಿಯ ಯಕೃತ್ತಿನಲ್ಲೂ ಉಳಿದು ಪ್ರತಿ ಊಟಕ್ಕೂ ಸ್ವಲ್ಪ ಸ್ವಲ್ಪ ಸೇರುತ್ತಾ ಹೋಗುತ್ತದೆ. ಸಣ್ಣ ಗಾಯಕ್ಕೇ ರಕ್ತ ನಿಲ್ಲದೆ ಹಕ್ಕಿ ಸಾಯುತ್ತದೆ. ಸತ್ತದ್ದಕ್ಕೆ ಕಾರಣ ಯಾರಿಗೂ ಹೊಳೆಯುವುದಿಲ್ಲ.

ಇನ್ನೊಂದು ಇಲಿಪಾಷಾಣ ಜಿಂಕ್ ಫಾಸ್ಫೈಡ್ ಮಾಂಸದಲ್ಲಿ ಹೀಗೆ ಶೇಖರವಾಗುವುದಿಲ್ಲ, ಇಲಿ ಬೇಗ ಸಾಯುತ್ತದೆ. ಆದರೆ ವಿಷ ಬೆರೆಸಿದ ಕಾಳನ್ನು ಬಯಲಲ್ಲಿ ಚೆಲ್ಲಿದರೆ ನವಿಲು, ಗೌಜಲಕ್ಕಿಗಳು ತಿನ್ನುತ್ತವೆ. ಯಾವ ಪಾಷಾಣವೇ ಆಗಲಿ, ಬಿಲದ ಒಳಗಿಟ್ಟು ಬಾಯಿ ಮುಚ್ಚಬೇಕು. ಒಂದು ವಾರ ಪ್ರತಿ ಬೆಳಗ್ಗೆ ಸತ್ತ ಇಲಿಗಳನ್ನು ಹುಡುಕಿ ಹೂಳಬೇಕು. ಈ ಎರಡನೆಯ ಹೆಜ್ಜೆಯನ್ನೇ ಹೆಚ್ಚಿನವರು ಬಿಡುತ್ತಾರೆ.

ಪಾಷಾಣ ಬಿಟ್ಟು ಹಕ್ಕಿಯನ್ನೇ ನಂಬುವುದಾದರೆ ಅದಕ್ಕೂ ಕ್ರಮವಿದೆ. ಬೆಳೆಗಿಂತ ಎರಡು ಮೂರು ಅಡಿ ಎತ್ತರಕ್ಕೆ ನಿಲ್ಲುವಂತೆ ‘ಟಿ’ ಆಕಾರದ ಕೋಲುಗಳನ್ನು ಎಕರೆಗೆ ಎಂಟ್ಹತ್ತು ನೆಡಿ, ಬಿತ್ತನೆ ಆದ ಕೂಡಲೇ. ಕಾಳು ಕಟ್ಟುವ ಹೊತ್ತಿಗೆ ಕೀಳದಿದ್ದರೆ ಅದೇ ಕೋಲಿನ ಮೇಲೆ ಗಿಳಿ, ಗುಬ್ಬಿ ಕುಳಿತು ಬೆಳೆ ತಿನ್ನುತ್ತವೆ. ಕಣಜಗೂಬೆಗೆ ಹಲಗೆಯ ಪೆಟ್ಟಿಗೆ ಸಾಕು: ಎರಡು ಅಡಿ ಉದ್ದ, ಒಂದೂವರೆ ಅಡಿ ಅಗಲ ಮತ್ತು ಎತ್ತರ, ಆರಿಂಚಿನ ಬಾಗಿಲು, ಹನ್ನೆರಡರಿಂದ ಹದಿನೈದು ಅಡಿ ಎತ್ತರದಲ್ಲಿ. ಬಾಗಿಲು ದೊಡ್ಡದಾಗಿ ಒಳಗೆ ಬೆಳಕು ಬಿದ್ದರೆ ಗೂಬೆ ಬರುವುದಿಲ್ಲ. ಬಾಗಿಲು ನೆಲದ ಮಟ್ಟದಲ್ಲೇ ಇದ್ದರೆ ಮರಿಗಳು ಉರುಳಿ ಬೀಳುತ್ತವೆ. ನೆಲದಿಂದ ಗೇಣು ಮೇಲಿರಬೇಕು. ಗೂಬೆ ಅಪಶಕುನ ಎಂಬ ಭಯ ಇರುವಲ್ಲಿ ಪೆಟ್ಟಿಗೆಯನ್ನು ಮನೆಯಿಂದ ದೂರ, ತೋಟದ ಅಂಚಿನಲ್ಲಿ ಹಾಕುವುದು ಜಾಣತನ.

‘ಬಂಜರು’ ಎಂದು ಬರೆದ ನೆಲ

ಕಂದಾಯ ದಾಖಲೆಯಲ್ಲಿ ಬಂಜರು ಅಥವಾ ಗೋಮಾಳ ಎಂದಿರುವ ಹುಲ್ಲುಗಾವಲು ಬಯಲಿನ ಬೇಟೆಹಕ್ಕಿಗಳ ಅಡುಗೆಮನೆ. ಹ್ಯಾರಿಯರ್‌ಗಳು ಸೆಪ್ಟೆಂಬರ್–ಅಕ್ಟೋಬರ್‌ಗೆ ಬಂದು ಮಾರ್ಚ್–ಏಪ್ರಿಲ್‌ಗೆ ಹೊರಡುತ್ತವೆ. ದೊಡ್ಡ ಹಕ್ಕಿಗಳಾದರೂ ಅವು ಮರದ ಮೇಲೆ ಮಲಗುವುದಿಲ್ಲ. ಮೊಣಕಾಲುದ್ದದ ಹುಲ್ಲಿನ ನಡುವೆ ನೆಲದ ಮೇಲೆ ಗುಂಪಾಗಿ ರಾತ್ರಿ ಕಳೆಯುತ್ತವೆ. ಹುಲ್ಲಿಗೆ ಬೆಂಕಿ ಬಿದ್ದರೆ, ಉತ್ತರೆ, ಅಥವಾ ಒಳ್ಳೆಯ ಉದ್ದೇಶದಿಂದಲೇ ಗುಂಡಿ ತೋಡಿ ಸಸಿ ನೆಟ್ಟರೆ ಆ ಜಾಗ ಅವಕ್ಕೆ ಇಲ್ಲ. ಹುಲ್ಲುಗಾವಲಿನಲ್ಲಿ ಅಕೇಶಿಯ ನೆಡುವುದನ್ನು ಹಸಿರೀಕರಣ ಎಂದು ಕರೆಯುವುದನ್ನು ನಿಲ್ಲಿಸಬೇಕು. ಕಾಡಿನ ಹಾವುಗಿಡುಗ ಬೇರೆ, ಬಯಲಿನದು ಬೇರೆ; ಬಯಲಿನ ಹಾವುಗಿಡುಗಕ್ಕೆ ಮೇಲಿನಿಂದ ನೆಲ ಕಾಣಬೇಕು. ಮರ ಮುಚ್ಚಿದ ನೆಲದಲ್ಲಿ ಅದು ಬೇಟೆಯಾಡಲಾರದು.

ಬೆಂಗಳೂರಿನ ಅಂಚಿನ ಹೆಸರಘಟ್ಟದಲ್ಲಿ ಸುಮಾರು 5,600 ಎಕರೆಯನ್ನು ಸಂರಕ್ಷಣಾ ಮೀಸಲು ಮಾಡಲು ರಾಜ್ಯ ವನ್ಯಜೀವಿ ಮಂಡಳಿ 2024ರ ಅಕ್ಟೋಬರ್‌ನಲ್ಲಿ ಒಪ್ಪಿದ್ದು ದೊಡ್ಡ ಹೆಜ್ಜೆ. 2021ರಲ್ಲಿ ಅದೇ ಮಂಡಳಿ ಈ ಪ್ರಸ್ತಾವವನ್ನು ತಳ್ಳಿಹಾಕಿತ್ತು. ಆದರೆ ಒಣ ಬಯಲಿನ ಮೇಲಿನ ಒತ್ತಡ ಹೆಸರಘಟ್ಟದಲ್ಲಿ ಮಾತ್ರ ಇಲ್ಲ. ಪಾವಗಡದ ಸೌರ ಪಾರ್ಕ್ ಒಂದೇ ಸುಮಾರು 13,000 ಎಕರೆ. ಗಾಳಿಯಂತ್ರಗಳ ವಿಷಯದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮರಿಯಾ ಠಾಕರ್ ಮತ್ತು ಸಂಗಡಿಗರು 2018ರಲ್ಲಿ ಪ್ರಕಟಿಸಿದ ಅಧ್ಯಯನ ಕಣ್ಣು ತೆರೆಸುವಂಥದ್ದು. ಮಹಾರಾಷ್ಟ್ರದ ಸಾತಾರಾ ಜಿಲ್ಲೆಯ ಚಾಳಕೇವಾಡಿ ಪ್ರಸ್ಥಭೂಮಿಯಲ್ಲಿ ಯಂತ್ರಗಳಿರುವ ಕಡೆ ಬೇಟೆಹಕ್ಕಿಗಳು ಹೆಚ್ಚುಕಡಿಮೆ ನಾಲ್ಕನೆಯ ಒಂದು ಪಾಲಿಗೆ ಇಳಿದಿದ್ದವು, ಅವುಗಳ ಆಹಾರವಾದ ಓತಿಗಳು ಹೆಚ್ಚಿದ್ದವು. ರೆಕ್ಕೆಗೆ ಸಿಕ್ಕಿ ಸಾಯುವುದು ಒಂದು ಕಥೆ. ಹಕ್ಕಿ ಆ ಜಾಗವನ್ನೇ ಬಿಟ್ಟುಬಿಡುವುದು ಇನ್ನೊಂದು. ಗದಗ, ಚಿತ್ರದುರ್ಗದ ಗುಡ್ಡಗಳಲ್ಲಿ ಹೊಸ ಯಂತ್ರ ನೆಡುವ ಮೊದಲು ಎಣಿಸಬೇಕಾದ್ದು ಈ ಎರಡನೆಯದನ್ನೂ.

ಬಯಲಿನಲ್ಲಿ ಮರವಿಲ್ಲದ ಕಡೆ ಕೂರಲು ಸಿಗುವುದು 11 ಕೆವಿ ಕಂಬ. ಅಡ್ಡಪಟ್ಟಿ ಕಬ್ಬಿಣದ್ದು, ನೆಲಕ್ಕೆ ಅರ್ಥ್ ಆಗಿದೆ. ತಂತಿ ಪಟ್ಟಿಗಿಂತ ಗೇಣು ಮೇಲಿನ ಪಿನ್ ಇನ್ಸುಲೇಟರ್ ಮೇಲಿದೆ. ಗುಬ್ಬಿಗೆ ತೊಂದರೆಯಿಲ್ಲ. ಪಟ್ಟಿಯ ಮೇಲೆ ಕಾಲಿಟ್ಟ ಗಿಡುಗದ ರೆಕ್ಕೆ ಅಥವಾ ಎದೆ ತಂತಿಗೆ ತಾಗಿದರೆ ಮುಗಿಯಿತು. ಬೊನೆಲ್ಲಿ ಗಿಡುಗದ ರೆಕ್ಕೆಯ ಹರವೇ ಒಂದೂವರೆ ಮೀಟರ್. ಪರಿಹಾರ ಸರಳ: ಇನ್ಸುಲೇಟರಿನ ಎರಡೂ ಬದಿಗೆ ಎರಡೆರಡು ಅಡಿ ತಂತಿಗೆ ರಬ್ಬರ್ ಅಥವಾ ಪಾಲಿಮರ್ ಕವಚ, ಹೊಸ ಕಂಬಗಳಲ್ಲಿ ತಂತಿ ಪಟ್ಟಿಯ ಕೆಳಗೆ ತೂಗುವ ವಿನ್ಯಾಸ. ಹಕ್ಕಿ ಸತ್ತಾಗ ಲೈನ್ ಟ್ರಿಪ್ ಆಗುವುದರಿಂದ ವಿದ್ಯುತ್ ಕಂಪನಿಗೂ ಇದರಲ್ಲಿ ಲಾಭವಿದೆ. ಕಂಬದಡಿ ಸತ್ತ ಹಕ್ಕಿ ಕಂಡರೆ ಕಂಬದ ನಂಬರ್ ಸಮೇತ ಫೋಟೊ ತೆಗೆದು ಸೆಕ್ಷನ್ ಆಫೀಸಿಗೂ ಅರಣ್ಯ ಇಲಾಖೆಗೂ ಬರಹದಲ್ಲಿ ಕೊಡಿ. ನಂಬರ್ ಇಲ್ಲದ ದೂರಿನಿಂದ ಏನೂ ಆಗುವುದಿಲ್ಲ.

ಗಾಯಗೊಂಡ ಹದ್ದು ಸಿಕ್ಕಾಗ

ನಗರದಲ್ಲಿ ಊಟ ಧಾರಾಳ. ಹದ್ದಿನ ಕಷ್ಟ ಊಟದ ದಾರಿಯಲ್ಲಿ ಕಟ್ಟಿದ ದಾರ. ಆಷಾಢದ ಗಾಳಿಗೆ ಗಾಳಿಪಟ ಏರುವ ದಿನಗಳಲ್ಲಿ ಗಾಜುಪುಡಿ ಬಳಿದ ನೈಲಾನ್ ಮಾಂಜಾ ಮರ, ಕೇಬಲ್‌ಗಳಲ್ಲಿ ಉಳಿದು ತಿಂಗಳುಗಟ್ಟಲೆ ಕೊಯ್ಯುತ್ತದೆ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲೇ ಇದನ್ನು ನಿಷೇಧಿಸಿದೆ. ಪೆಟ್ಟು ಬೀಳುವುದು ಹೆಚ್ಚಾಗಿ ರೆಕ್ಕೆಯ ಮುಂಚೂಣಿಯ ತೆಳು ಚರ್ಮಕ್ಕೆ. ಅದರೊಳಗೆ ಓಡುವ ಸ್ನಾಯುರಜ್ಜು ತುಂಡಾದರೆ ಗಾಯ ಮಾಗಿದರೂ ಹಕ್ಕಿ ರೆಕ್ಕೆ ಪೂರ್ತಿ ಬಿಚ್ಚಲಾರದು.

ಆದ್ದರಿಂದ ದಾರವನ್ನು ಎಳೆಯಬೇಡಿ. ಗಾಯದ ಎರಡೂ ಕಡೆ ನಾಲ್ಕಿಂಚು ಬಿಟ್ಟು ಕತ್ತರಿಸಿ, ಒಳಗಿರುವುದನ್ನು ಹಾಗೇ ಬಿಡಿ. ಹಿಂದಿನಿಂದ ದಪ್ಪ ಟವೆಲ್ ಹಾಕಿ ತಲೆ ಸಮೇತ ಮುಚ್ಚಿ. ಕತ್ತಲಾದರೆ ಹಕ್ಕಿ ಶಾಂತವಾಗುತ್ತದೆ. ಕೊಕ್ಕಿಗಿಂತ ಉಗುರು ಅಪಾಯ, ಎರಡೂ ಕಾಲನ್ನು ಒಟ್ಟಿಗೆ ಹಿಡಿಯಿರಿ. ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿ ಹಳೆ ಬಟ್ಟೆ ಹಾಸಿ ಇಡಿ. ಕಬ್ಬಿಣದ ಪಂಜರದಲ್ಲಿ ಗರಿ ಮುರಿಯುತ್ತವೆ. ಬಾಯಿಗೆ ನೀರು ಹೊಯ್ಯಬೇಡಿ, ಉಸಿರುನಾಳದ ಬಾಯಿ ನಾಲಿಗೆಯ ಬುಡದಲ್ಲೇ ಇರುವುದರಿಂದ ನೇರ ಶ್ವಾಸಕೋಶಕ್ಕೆ ಹೋಗುತ್ತದೆ. ಹಾಲು, ಅನ್ನ ಬೇಡವೇ ಬೇಡ. ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಅಥವಾ ಹತ್ತಿರದ ವನ್ಯಜೀವಿ ಪುನರ್ವಸತಿ ಕೇಂದ್ರಕ್ಕೆ ಕರೆ ಮಾಡಿ, ಅದೇ ದಿನ ಒಪ್ಪಿಸಿ; ರಜ್ಜು ಒಣಗಿದ ಮೇಲೆ ಹೊಲಿಗೆ ಕೂರುವುದಿಲ್ಲ. ಗೂಡಿನಿಂದ ಆಗಷ್ಟೇ ಹೊರಬಂದ, ಗಾಯವಿಲ್ಲದ ಮರಿಯಾದರೆ ಎತ್ತಿಕೊಂಡು ಹೋಗಬೇಡಿ. ಹತ್ತಿರದ ಕೊಂಬೆ ಅಥವಾ ಗೋಡೆಯ ಮೇಲೆ ಕೂರಿಸಿ ದೂರ ನಿಂತರೆ ಸಾಕು, ತಾಯಿ ಅಲ್ಲಿಗೇ ಬಂದು ಉಣಿಸುತ್ತದೆ.